ಮೈಕಿಲ್ಲದ ಸಭಾಂಗಣದಲ್ಲಿ ಒಂದು ಸಂಜೆ

ಕೇಳುಗರಿಗೆ ನಮಸ್ಕಾರ.

ಎತ್ತರದ ಮೆಟ್ಟಿಲು, ಸಾಲುಗಂಬ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು 1935ರಲ್ಲಿ ತೆರೆದ ನಮ್ಮ ಪುಟ್ಟಣ್ಣ ಚೆಟ್ಟಿ ಪುರಭವನ. ಆ ಮೆಟ್ಟಿಲುಗಳನ್ನು ಚಿಕ್ಕಂದಿನಿಂದ ಹತ್ತಿಳಿದ ನಾನು, ಜರ್ಮನಿಯ ರಾಜಧಾನಿ ಬರ್ಲಿನ್ನಿನ ಜಾಂಡಾರ್ಮೆನ್‌ಮಾರ್ಕ್ಟ್ ಚೌಕದಲ್ಲಿ ನಿಂತಾಗ, ಎದುರಿಗಿದ್ದ ಕಟ್ಟಡ ಪುರಭವನದ ಹಿರಿಯ ಬಂಧುವಿನಂತೆ ಕಂಡಿತು. ಗುಮ್ಮಟ ಹೊತ್ತ ಎರಡು ಹಳೆಯ ಚರ್ಚುಗಳ ನಡುವೆ, ಅಗಲವಾದ ಮೆಟ್ಟಿಲಸಾಲಿನ ತುದಿಯಲ್ಲಿ, ಆರು ಕಂಬಗಳ ಮುಖಮಂಟಪದೊಡನೆ ಅದು ನಿಂತಿದೆ. ಅದೇ ಅಲ್ಲಿನ ಕಾನ್ಸರ್ಟ್‌ಹೌಸ್ ಎಂಬ ಸಂಗೀತ ಸಭಾಂಗಣ.

ಆ ಆರು ಕಂಬಗಳಿಗೆ ಒಂದು ಕಥೆಯಿದೆ. ಈ ಜಾಗದಲ್ಲಿದ್ದ ರಂಗಮಂದಿರ 1817ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸದನ್ನು ಕಟ್ಟುವ ಹೊಣೆ ಹೊತ್ತ ವಾಸ್ತುಶಿಲ್ಪಿ ಕಾರ್ಲ್ ಫ್ರೀಡ್ರಿಕ್ ಶಿಂಕೆಲ್, ಉರಿಯಿಂದ ಉಳಿದಿದ್ದ ಕಂಬಗಳನ್ನು ಕೆಡವದೆ ತನ್ನ ಮುಖಮಂಟಪಕ್ಕೆ ಬಳಸಿಕೊಂಡ. ಪ್ರಾಚೀನ ಗ್ರೀಸಿನ ದೇಗುಲಗಳನ್ನು ಆದರ್ಶವಾಗಿಟ್ಟುಕೊಂಡ ನವಶಾಸ್ತ್ರೀಯ ಶೈಲಿಯ ಈ ಕಟ್ಟಡ 1821ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅದೂ ಸುಟ್ಟು, ದಶಕಗಳ ಕಾಲ ಪಾಳುಬಿದ್ದಿತ್ತು. ಪೂರ್ವ ಜರ್ಮನಿಯ ಸರ್ಕಾರ ಹೊರಮೈಯನ್ನು ಶಿಂಕೆಲ್ ಕಟ್ಟಿದ್ದಂತೆಯೇ ಎಬ್ಬಿಸಿ, ಒಳಗೆ ಮಾತ್ರ ನಾಟಕಶಾಲೆಯ ಬದಲು ಸಂಗೀತದ ಸಭಾಂಗಣವನ್ನು ಮಾಡಿ, 1984ರಲ್ಲಿ ಬಾಗಿಲು ತೆರೆಯಿತು.

ಹಾಗಾದರೆ ಒಳಗಿನ ಬಂಗಾರದ ಕೆಲಸ, ದೀಪಗುಚ್ಛ, ಗೋಡೆಯುದ್ದಕ್ಕೂ ಇರುವ ಸಂಗೀತಗಾರರ ಎದೆಪ್ರತಿಮೆಗಳು, ಇವೆಲ್ಲ ಇತ್ತೀಚಿನವೇ ತಾನೇ ಎಂದು ಕೇಳಬಹುದು. ಹೌದು, ಇತ್ತೀಚಿನವೇ. ಆದರೆ ಜೀರ್ಣೋದ್ಧಾರವಾದ ದೇವಸ್ಥಾನವನ್ನು ನಮ್ಮಲ್ಲಿ ಯಾರೂ ಹೊಸ ದೇವಸ್ಥಾನವೆಂದು ಕರೆಯುವುದಿಲ್ಲ. ನಗರವನ್ನು ಎರಡಾಗಿ ಸೀಳಿದ್ದ ಬರ್ಲಿನ್ ಗೋಡೆ ಬಿದ್ದ ಮರುತಿಂಗಳು, 1989ರ ಕ್ರಿಸ್‌ಮಸ್ ದಿನ, ಅಮೆರಿಕದ ವಾದ್ಯವೃಂದ ನಿರ್ದೇಶಕ ಲೆನಾರ್ಡ್ ಬರ್ನ್‌ಸ್ಟೈನ್ ಇಲ್ಲಿಯೇ ಜರ್ಮನ್ ಸಂಗೀತ ರಚನಕಾರ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು, ಎಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ಕೃತಿಯನ್ನು, ನಡೆಸಿದಾಗ, ಅದರ ಕೊನೆಯಲ್ಲಿ ಬರುವ ಹಾಡಿನಲ್ಲಿದ್ದ ‘ಆನಂದ’ ಎಂಬ ಪದದ ಜಾಗದಲ್ಲಿ ‘ಸ್ವಾತಂತ್ರ್ಯ’ ಎಂದು ಹಾಡಿಸಿದರು. ಅಂಥದನ್ನು ಕೇಳಿಸಿಕೊಂಡ ಗೋಡೆಗಳ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದು ನನಗೆ ಸರಿಕಾಣುವುದಿಲ್ಲ.

ನಾನು ಹೋದ ಸಂಜೆ ಬೀಥೋವನ್‌ನ ಏಳನೆಯ ಸಿಂಫನಿಯಿತ್ತು. ಮೊದಲಿಗೆ ಓಬೋ ಎಂಬ ಊದುವಾದ್ಯ ಒಂದೇ ಸ್ವರವನ್ನು ಹಿಡಿಯಿತು. ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಂಡರು. ನಮ್ಮ ಕಚೇರಿಗೆ ಮುಂಚೆ ತಂಬೂರಿ ಮೀಟುವ ಆ ನಾಲ್ಕು ನಿಮಿಷಗಳು ನೆನಪಾಗಿ ಕಣ್ಣು ತೇವವಾಯಿತು. ಮೈಕಿಗಾಗಿ ಹುಡುಕಿದೆ, ಎಲ್ಲಿಯೂ ಕಾಣಲಿಲ್ಲ. ಉದ್ದನೆಯ ಡಬ್ಬಿಯಂಥ ಆ ಕೋಣೆಯಲ್ಲಿ ಪಕ್ಕದ ಗೋಡೆಗಳು ನಾದವನ್ನು ಕೇಳುಗನ ಕಿವಿಗೆ ಮರಳಿಸುತ್ತವೆ. ಪ್ರತಿಮೆ, ಕಂಬ, ಕೆತ್ತನೆಗಳ ಉಬ್ಬುತಗ್ಗು ಅದನ್ನು ಒಂದೆಡೆ ಗುಂಪುಗೂಡದಂತೆ ಹರಡುತ್ತದೆ. ನಾನು ಅಲಂಕಾರವೆಂದುಕೊಂಡದ್ದು ದುಡಿಯುತ್ತಿತ್ತು.

ಎರಡನೆಯ ಭಾಗದಲ್ಲಿ ಊದುವಾದ್ಯಗಳ ಒಂದು ನಿಟ್ಟುಸಿರಿನ ಬಳಿಕ, ತಗ್ಗುದನಿಯ ತಂತಿವಾದ್ಯಗಳು ಮಾತ್ರ ಮೆಲ್ಲಗೆ ನಡೆಯತೊಡಗುತ್ತವೆ. ಹಿಂದಿನ ಸಾಲಿನಲ್ಲಿದ್ದ ನನಗೆ ಕಮಾನು ತಂತಿಯನ್ನು ಮುಟ್ಟುವ ಸದ್ದೂ ಕೇಳಿಸಿತು. ರಾಮನವಮಿಯ ಚಪ್ಪರದಲ್ಲಿ, ಧ್ವನಿವರ್ಧಕದ ಅಬ್ಬರಕ್ಕೂ ರಸ್ತೆಯ ಹಾರನ್ನಿಗೂ ನಡುವೆ ರಾಗವನ್ನು ಹೆಕ್ಕಿಕೊಂಡು ಬೆಳೆದ ಕಿವಿ ನನ್ನದು. ಆ ಚಪ್ಪರದ ಋಣ ದೊಡ್ಡದು; ಆದರೂ ನಾದದ ಇಷ್ಟು ಸಣ್ಣ ಎಳೆ ಅಲ್ಲಿ ನನಗೆ ಸಿಕ್ಕಿರಲಿಲ್ಲ.

ಊರಿಗೆ ಮರಳಿದ ವಾರವೇ, ಬಸವನಗುಡಿಯಲ್ಲಿರುವ ಪರಿಚಿತ ವೈಣಿಕರ ಮನೆಗೆ ಹೋಗಿ, ಮೈಕಿಲ್ಲದೆ ಒಂದು ರಾಗವನ್ನು ನುಡಿಸಬೇಕೆಂದು ಬೇಡಿಕೊಂಡೆ. ಅವರು ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮಂದ್ರದ ತಂತಿಯನ್ನು ಒಮ್ಮೆ ಮೀಟಿ, ನಾದ ಪೂರ್ತಿ ಆರುವವರೆಗೂ ಮುಂದಿನ ಸ್ವರಕ್ಕೆ ಹೋಗದೆ ಕಾದರು. ಎದುರಿಗೆ ಚಾಪೆಯ ಮೇಲೆ ಕುಳಿತು ನಾನೂ ಕಾದೆ.