17 ಹುಡುಗರು, 4 ಚರ್ಚು: ಕ್ವಾಯರ್ ಮಾಸ್ಟರ್ ಬಾಖ್ ಕೇಳಿದ ಲೆಕ್ಕ

ನಮಸ್ಕಾರ. 1730ರ ಆಗಸ್ಟ್ 23ರಂದು ಜರ್ಮನಿಯ ಲೈಪ್ಸಿಗ್ ನಗರಸಭೆಗೆ ಒಂದು ಮನವಿ ಹೋಯಿತು. ಬರೆದವರು ಯೋಹಾನ್ ಸೆಬಾಸ್ಟಿಯನ್ ಬಾಖ್. ಮನವಿಯ ತುಂಬ ಇರುವುದು ತಲೆಎಣಿಕೆ. ಬಾಖ್ ದೊಡ್ಡ ಸಂಗೀತ ರಚನಕಾರರು ಅಂತ ಎಲ್ಲರಿಗೂ ಗೊತ್ತು. ಆದರೆ 1723ರಿಂದ 1750ರಲ್ಲಿ ತೀರಿಕೊಳ್ಳುವ ತನಕ ಅವರ ಹುದ್ದೆ ಥಾಮಸ್ ಶಾಲೆಯ ಕಾಂಟರ್‌ದು, ಅಂದರೆ ಹುಡುಗರಿಗೆ ಹಾಡು ಕಲಿಸಿ ಊರಿನ ಚರ್ಚುಗಳ ಸಂಗೀತ ನಡೆಸುವ ಕೆಲಸ. ಈ ಮನವಿಯನ್ನು ಸಿಡುಕು ಮನುಷ್ಯನೊಬ್ಬನ ಗೊಣಗಾಟ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ವಾಯರ್ (ಚರ್ಚಿನ ಹಾಡುಗಾರರ ಗುಂಪು) ನಡೆಸುವುದು ಅಂದರೆ ಏನು ಅಂತ ಇಷ್ಟು ನೇರವಾಗಿ ಹೇಳಿದ ಬರಹ ಅಪರೂಪ.

ಲೆಕ್ಕ ನೋಡಿ. ಒಂದು ಕ್ವಾಯರಿಗೆ ಕಡಿಮೆಯೆಂದರೆ 12 ಜನ ಬೇಕು: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ (ಎತ್ತರದಿಂದ ತಗ್ಗಿಗೆ ಇಳಿಯುವ ನಾಲ್ಕು ದನಿ), ತಲಾ ಮೂವರು. ಸಾಧ್ಯವಾದರೆ ತಲಾ ನಾಲ್ವರಂತೆ 16. ಮೂವರು ಯಾಕೆ? ಒಬ್ಬ ಕಾಯಿಲೆ ಬಿದ್ದರೂ ಎರಡು ಗುಂಪಾಗಿ ಎದುರುಬದುರು ಹಾಡುವ ಮೋಟೆಟ್ ಎಂಬ ಆರಾಧನೆಯ ಹಾಡು ನಿಲ್ಲಬಾರದು. ಗುಂಪಿಗೆ ನಾಲ್ಕರಂತೆ ಎಂಟು ದನಿ ಬೇಕೇಬೇಕಾದ ಹಾಡಿಗೆ ಎಂಟೇ ಜನರನ್ನಿಟ್ಟುಕೊಂಡರೆ ಒಂದು ನೆಗಡಿ ಸಾಕು, ಆ ಭಾನುವಾರ ಹಾಳು. ಹುಡುಗರು ಎಷ್ಟು ಸಲ ಕಾಯಿಲೆ ಬೀಳುತ್ತಾರೆ ಅನ್ನುವುದಕ್ಕೆ ಬಾಖ್ ಕೊಟ್ಟ ಸಾಕ್ಷಿ ಶಾಲೆಯ ವೈದ್ಯರು ಔಷಧಿ ಅಂಗಡಿಗೆ ಬರೆದ ಚೀಟಿಗಳು!

ಈ ಹುಡುಗರು ಊರಿನ ನಾಲ್ಕು ಚರ್ಚಿಗೆ ಹಾಡಬೇಕಿತ್ತು. ಮೂರು ಚರ್ಚಿಗೆ 12ರಂತೆ 36 ಆಯಿತು. ನಾಲ್ಕನೆಯದು ಪೀಟರ್ ಚರ್ಚ್. ಸಾದಾ ಗೀತೆಯನ್ನೂ ತಡವರಿಸಿ ಹಾಡುವವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಈಗ ಕೈಯಲ್ಲಿದ್ದವರು: ಪಳಗಿದವರು 17, ಇನ್ನೂ ಕಲಿಯಬೇಕಾದವರು 20, ಸಂಗೀತವೇ ಒಲಿಯದವರು 17. 36 ಜನರ ಕೆಲಸಕ್ಕೆ 17 ಜನ. ಅದೂ ಪೂರ್ತಿ 17 ಅಲ್ಲ. ವಾದ್ಯಕ್ಕೆ 18 ಜನ ಬೇಕಿದ್ದಲ್ಲಿ ನಗರಸಭೆ ಕೊಟ್ಟಿದ್ದು 8. ವಿಯೋಲಾ, ಚೆಲ್ಲೊದಂಥ ತಂತಿವಾದ್ಯಕ್ಕೆ ಹಾಡುವ ಹುಡುಗರನ್ನೇ ಕೂರಿಸಬೇಕು. ಕೂರಿಸಿದ ಕೂಡಲೇ ಅತ್ತ ಒಂದು ದನಿ ಖೋತಾ. ಮೊದಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಂದು ನುಡಿಸುತ್ತಿದ್ದರು. ಅವರಿಗೆ ಕೊಡುತ್ತಿದ್ದ ಅಲ್ಪಸ್ವಲ್ಪ ಹಣವನ್ನೂ ನಗರಸಭೆ ನಿಲ್ಲಿಸಿತು, ಅವರು ಬರುವುದನ್ನು ಬಿಟ್ಟರು. ಇದರಲ್ಲಿ ಕ್ವಾಯರ್ ಮಾಸ್ಟರ್ ತಪ್ಪು ಎಲ್ಲಿದೆ ಹೇಳಿ?

ಮೊದಲ ವರ್ಷಗಳಲ್ಲಿ ಇದರ ಜೊತೆಗೆ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕಾಂಟಾಟಾ (ಹಾಡು, ವಾದ್ಯ ಸೇರಿದ ಆರಾಧನೆಯ ಸಂಗೀತ) ಬೇರೆ. ಸಾಹಿತ್ಯ ಮೊದಲೇ ಅಚ್ಚಾಗಿ ಆರಾಧನೆಗೆ ಬರುವವರ ಕೈಗೆ ಹೋಗಬೇಕು. ಸಂಗೀತ ಬರೆದು ಮುಗಿಸಿದ ಮೇಲೆ ಪ್ರತಿ ದನಿಗೆ, ಪ್ರತಿ ವಾದ್ಯಕ್ಕೆ ಬೇರೆ ಬೇರೆ ಹಾಳೆ ನಕಲು ಮಾಡಬೇಕು. ಅದಕ್ಕೆ ಶಿಷ್ಯರು, ಮನೆಮಂದಿ, ಹೆಂಡತಿ ಆನ್ನಾ ಮಗ್ದಲೇನಾ ಕೂಡ ಕೂರುತ್ತಿದ್ದರು. ತಪ್ಪು ತಿದ್ದುವುದು ಬಾಖ್ ಪಾಲು. ಭಾನುವಾರ ಬೆಳಗ್ಗೆ 7ಕ್ಕೆ ಆರಾಧನೆ ಶುರು. ಬೈಬಲಿನ ಸುವಾರ್ತೆ ಓದಿದ ಮೇಲೆ, ಪಾದ್ರಿಯ ಪ್ರಸಂಗಕ್ಕೆ (ಉಪದೇಶಕ್ಕೆ) ಮುಂಚೆ ಸುಮಾರು 20 ನಿಮಿಷದ ಹಾಡು.

ಆರ್ಗನ್ (ಗಾಳಿ ಕೊಳವೆಗಳ ದೊಡ್ಡ ಚರ್ಚ್ ವಾದ್ಯ) ಹಾಳೆಯ ಕಥೆಯೊಂದನ್ನು ಬಿಡಿಸಿ ಹೇಳಲೇಬೇಕು. ಲೈಪ್ಸಿಗ್‌ನ ಚರ್ಚ್ ಆರ್ಗನ್‌ಗಳ ಶ್ರುತಿ ಉಳಿದ ವಾದ್ಯಗಳಿಗಿಂತ ಒಂದು ಪೂರ್ಣ ಸ್ವರ ಮೇಲಿತ್ತು. ಪಿಟೀಲಿನವರು ಡಿ ಸ್ವರವನ್ನು ಆಧಾರವಾಗಿಟ್ಟ ಡಿ ಮೇಜರ್‌ನಲ್ಲಿ ನುಡಿಸುವಾಗ ಆರ್ಗನ್‌ನವರಿಗೆ ಒಂದು ಸ್ವರ ಕೆಳಗಿನ ಸಿ ಮೇಜರ್‌ನಲ್ಲಿ ಬರೆದುಕೊಡಬೇಕು. ಅವಸರದಲ್ಲಿ ಇಳಿಸುವುದು ಮರೆತರೆ ಮೊದಲ ಪಟ್ಟಿನಲ್ಲೇ ಅಪಸ್ವರ. ಇಂಥ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಕ್ವಾಯರ್ ಮಾಸ್ಟರ್ ಅಂದರೆ ಕೈ ಬೀಸುವವರು ಅಂತಲೇ ಜನರ ಲೆಕ್ಕ.

ಸಂಬಳ? ವರ್ಷಕ್ಕೆ ಸುಮಾರು 700 ಥಾಲರ್ (ಆಗಿನ ಬೆಳ್ಳಿ ನಾಣ್ಯ) ಅಂತ 1730ರ ಅಕ್ಟೋಬರಿನಲ್ಲಿ ಗೆಳೆಯ ಏರ್ಡ್‌ಮನ್‌ಗೆ ಅವರೇ ಬರೆದರು. ಅದರಲ್ಲಿ ಬಹುಪಾಲು ಮದುವೆ, ಶವಸಂಸ್ಕಾರದಂಥ ಕಡೆ ಸಿಗುವ ಕಾಣಿಕೆ. ಊರಿನ ಗಾಳಿ ಚೆನ್ನಾಗಿದ್ದು ಸಾವು ಕಡಿಮೆಯಾದ ವರ್ಷ 100 ಥಾಲರಿಗೂ ಹೆಚ್ಚು ಖೋತಾ ಆಯಿತಂತೆ. ಜನ ಆರೋಗ್ಯವಾಗಿದ್ದರೆ ಸಂಗೀತಗಾರನ ಮನೆಯಲ್ಲಿ ಕೊರತೆ ಅನ್ನುವ ವ್ಯವಸ್ಥೆ ಕೆಟ್ಟ ವ್ಯವಸ್ಥೆ. ಬಾಖ್ ತೀರಿಕೊಂಡ ಮೇಲೂ ನಗರಸಭೆಯಲ್ಲಿ ಕೇಳಿಬಂದ ಮಾತು, ಶಾಲೆಗೆ ಬೇಕಿರುವುದು ಕಾಂಟರ್, ಆಸ್ಥಾನದ ಸಂಗೀತ ನಿರ್ದೇಶಕನಲ್ಲ ಅಂತ. ಹುಡುಗರನ್ನು ಆರಿಸುವಾಗ ದನಿ ಪರೀಕ್ಷಿಸಿ ಅಂದವರು ಬಾಖ್, ಅದನ್ನು ಬದಿಗಿಟ್ಟವರು ಇವರು.

ಮಂಗಳೂರು, ಉಡುಪಿ, ಧಾರವಾಡದ ಕಡೆ ಬಾಸೆಲ್ ಮಿಶನ್ (ಹಿಂದೆ ಇಲ್ಲಿಗೆ ಬಂದ ಜರ್ಮನ್ ಭಾಷೆಯ ಮಿಶನರಿ ಸಂಸ್ಥೆ) ಹಿನ್ನೆಲೆಯ ಚರ್ಚ್ ಸಭೆಗಳಲ್ಲಿ ಜರ್ಮನ್ ರಾಗಗಳನ್ನು ಕನ್ನಡದಲ್ಲಿ ಹಾಡುವ ಪರಂಪರೆ ಇದೆ, ನಾಲ್ಕು ದನಿಯಲ್ಲಿ. ಅಲ್ಲಿ ಕ್ವಾಯರ್ ಹೊತ್ತುಕೊಂಡವರಿಗೆ ನನ್ನ ಮಾತು ಇಷ್ಟೇ: ಕ್ರಿಸ್ಮಸ್‌ಗೆ ಹಾಡು ಆರಿಸುವ ಮೊದಲು ಟೆನರ್ ಎಷ್ಟು, ಆಲ್ಟೊ ಎಷ್ಟು, ಒಬ್ಬರು ಬಾರದಿದ್ದರೆ ಯಾರು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಒಂದು ದನಿಗೆ ಒಬ್ಬರೇ ಇದ್ದರೆ ಆ ಹಾಡು ಈ ವರ್ಷ ಬೇಡ. ಅದೇ ಹಾಳೆಯನ್ನು ಕೀಬೋರ್ಡ್ ನುಡಿಸುವವರ ಗೌರವಧನ, ನಕಲು ಖರ್ಚಿನ ಸಮೇತ ಸಭೆಯ ಕಮಿಟಿಯ ಮುಂದಿಡಿ. ಬಜೆಟ್ ಕೂರುವ ಮುಂಚೆಯೇ ಇಡಿ.