ಕಾರ್ಡ್ ಹೋಯಿತು, ಪಾಸ್‌ಪೋರ್ಟ್ ಸೇರಿಸಿದಿರಾ?

ಕೇಳುಗರಿಗೆ ನಮಸ್ಕಾರ. ಬ್ರಿಟನ್ನಿನಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ನಿಮಗೆ. ಪೆನ್ನು ತಗೊಳ್ಳಿ. ಬರೆದುಕೊಳ್ಳಬೇಕಾದ್ದು ಒಂದೇ ಸಾಲು. ಪಾಸ್‌ಪೋರ್ಟ್ ಹೊಸದಾದರೆ ಅದನ್ನು ಅಕೌಂಟಿಗೆ ಸೇರಿಸಬೇಕು.

ಯಾವ ಅಕೌಂಟು? ಹೇಳುತ್ತೇನೆ. 2008ರಿಂದ ಬ್ರಿಟನ್ ಸರ್ಕಾರ ಅಲ್ಲಿರುವ ವಿದೇಶಿಯರಿಗೆ ಒಂದು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಿತ್ತು. ಬಿಆರ್‌ಪಿ ಅಂತ ಹೆಸರು, ಅಲ್ಲಿ ವಾಸಿಸಲು ಅನುಮತಿ ಇದೆ ಅನ್ನುವುದಕ್ಕೆ ಗುರುತು. ನಮ್ಮ ಡ್ರೈವಿಂಗ್ ಲೈಸೆನ್ಸಿನಷ್ಟು ದೊಡ್ಡದು, ಒಳಗೊಂದು ಚಿಪ್. ವೀಸಾ ಇನ್ನೂ ಎರಡು ಮೂರು ವರ್ಷ ಇದ್ದವರ ಕಾರ್ಡಿನ ಮೇಲೂ ಕೊನೆಯ ದಿನ 31 ಡಿಸೆಂಬರ್ 2024 ಅಂತಲೇ ಅಚ್ಚಾಗಿರುತ್ತಿತ್ತು. ಅದನ್ನು ನೋಡಿ ಎಷ್ಟು ಅಮ್ಮಂದಿರು ನನಗೆ ಫೋನ್ ಮಾಡಿದರೋ! ವೀಸಾ ಮುಗಿದಿಲ್ಲ ತಾಯಿ, ಮುಗಿದದ್ದು ಕಾರ್ಡ್ ಮಾತ್ರ. ಈಗ ದಾಖಲೆ ಇರುವುದು ಸರ್ಕಾರದ ಕಂಪ್ಯೂಟರಿನಲ್ಲಿ. ಅದಕ್ಕೆ ಇ-ವೀಸಾ ಅನ್ನುತ್ತಾರೆ. ಅದನ್ನು ನೋಡುವ ಬಾಗಿಲು ಯುಕೆವಿಐ ಅಕೌಂಟ್, ಅಂದರೆ ಬ್ರಿಟನ್ನಿನ ವೀಸಾ ಇಲಾಖೆಯ ಆನ್‌ಲೈನ್ ಅಕೌಂಟ್. ತೆರೆಯಲು ಒಂದು ಪೈಸೆ ಖರ್ಚಿಲ್ಲ.

ಆ ಬಾಗಿಲಿಗೆ ಕೀಲಿ ಪಾಸ್‌ಪೋರ್ಟಿನ ನಂಬರ್. ವಿಮಾನದ ಕೌಂಟರಿನಲ್ಲಿ ಪಾಸ್‌ಪೋರ್ಟ್ ಇಟ್ಟ ತಕ್ಷಣ, ಈ ನಂಬರಿನವರಿಗೆ ಅನುಮತಿ ಉಂಟಾ ಅಂತ ಅವರ ಯಂತ್ರ ಬ್ರಿಟನ್ನಿಗೆ ಕೇಳುತ್ತದೆ. ನಮ್ಮಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ನಂಬರೇ ಬದಲು. ಅಕೌಂಟಿನಲ್ಲಿ ಹಳೇ ನಂಬರ್ ಕೂತಿದ್ದರೆ?

ನಮ್ಮ ಮನೆಯಲ್ಲೇ ಆದದ್ದು ಕೇಳಿ. ನನ್ನ ಅಕ್ಕನ ಮಗಳು ಲೀಡ್ಸ್‌ನಲ್ಲಿ ನರ್ಸ್. ಕಳೆದ ಸಲ ತಮ್ಮನ ಮದುವೆಗೆ ಮಂಗಳೂರಿಗೆ ಬಂದಳು. ಬಂದ ಕೆಲಸದ ನಡುವೆ ಪಾಸ್‌ಪೋರ್ಟ್ ಕೂಡ ನವೀಕರಿಸಿಕೊಂಡಳು. ಜಾಣ ಹುಡುಗಿ ಅಂತ ನಾವೇ ಹೊಗಳಿದೆವು. ಹೊರಡುವ ದಿನ ಭಾವ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟರು. ರಾತ್ರಿ ಒಂದು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. "ಮಾವ, ನನಗೆ ವೀಸಾನೇ ಇಲ್ಲ ಅಂತಿದ್ದಾರೆ!" ಹಿಂದಿನಿಂದ ಸಾಲಿನವರ ಗೊಣಗಾಟ ಕೇಳುತ್ತಿತ್ತು. ಇವಳು ಕಾರ್ಡ್ ತೋರಿಸಿದ್ದಾಳೆ. ಕೌಂಟರಿನ ಹುಡುಗ ದಿನಾಂಕದ ಮೇಲೆ ಬೆರಳಿಟ್ಟು, ಇದು ಯಾವತ್ತೋ ಮುಗಿದಿದೆ ಮೇಡಂ ಅಂದಿದ್ದಾನೆ. ಅವನ ತಪ್ಪೇನೂ ಇಲ್ಲ.

"ಹಳೇ ಪಾಸ್‌ಪೋರ್ಟ್ ಎಲ್ಲಿ?" ಅಂದೆ. ಸೂಟ್‌ಕೇಸಿನಲ್ಲಿ, ತಳದಲ್ಲಿ! ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದಳು. ಮೇಲೆ ಅಕ್ಕ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಅದರ ಕೆಳಗೆ ಮಿಡಿ ಉಪ್ಪಿನಕಾಯಿ, ಅದರ ಕೆಳಗೆ ಮದುವೆಯ ಸೀರೆ. ಸೀರೆಯ ಮಡಿಕೆಯೊಳಗೆ ಮೂಲೆ ಕತ್ತರಿಸಿದ ಪಾಸ್‌ಪೋರ್ಟ್. ಅದರ ನಂಬರ್ ಹಾಕಿ ಅಕೌಂಟಿಗೆ ಹೋದರೆ ಆರು ಅಂಕಿಯ ಕೋಡ್ ಬೇಕು. ಇಂಗ್ಲೆಂಡಿನ ಸಿಮ್ಮಿಗೆ ಸಿಗ್ನಲ್ಲೇ ಇಲ್ಲ. ಪುಣ್ಯಕ್ಕೆ ಇಮೇಲ್ ಇತ್ತು. ತನ್ನ ವೀಸಾ ಬೇರೆಯವರು ನೋಡಲು ಕೊಡುವ ಷೇರ್ ಕೋಡ್ ತೆಗೆದಳು, ಎರಡೂ ಪಾಸ್‌ಪೋರ್ಟ್ ಮುಂದಿಟ್ಟಳು. ಅವರು ಎಲ್ಲಿಗೋ ಫೋನ್ ಮಾಡಿ ವಿಚಾರಿಸಿದರು. ಕಡೆಗೂ ವಿಮಾನ ಹತ್ತಿದಳು, ಎಲ್ಲರಿಗಿಂತ ಕೊನೆಯಲ್ಲಿ. ಗಾಬರಿಯಲ್ಲಿ ಹಪ್ಪಳದ ಕಟ್ಟು ಕೌಂಟರಿನ ಹತ್ತಿರವೇ ಉಳಿಯಿತು. ಅಕ್ಕನಿಗೆ ಇವತ್ತಿಗೂ ಬೇಜಾರು ಅದರದ್ದೇ.

ಇಷ್ಟೆಲ್ಲ ಏಕಾಯಿತು? ಹೊಸ ಪಾಸ್‌ಪೋರ್ಟನ್ನು ಅಕೌಂಟಿಗೆ ಸೇರಿಸಿರಲಿಲ್ಲ. ಅಷ್ಟೇ ಮಾರಾಯ್ರೇ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ಮಾಡುವ ಕೆಲಸ. ಕೂಡಲೇ ಆಗಿಬಿಡುತ್ತದೆ ಅಂತಿಲ್ಲ, ಹಾಗಾಗಿ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಪಾಸ್‌ಪೋರ್ಟ್ ಪೋಸ್ಟಿನಲ್ಲಿ ಮನೆಗೆ ಬಂದ ದಿನವೇ ಸೇರಿಸಿ.

ಕಥೆ ಹೇಳುತ್ತಾ ಸಮಯ ಜಾಸ್ತಿ ತಿಂದೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಷೇರ್ ಕೋಡ್ ಅಂದೆನಲ್ಲ, ಅದು ಒಂಬತ್ತು ಅಕ್ಷರ ಅಂಕಿಗಳ ಗುಟ್ಟು, 90 ದಿನ ನಡೆಯುತ್ತದೆ. ಕೆಲಸ ಕೊಡುವವರು, ಇಂಗ್ಲೆಂಡಿನ ಮನೆ ಮಾಲೀಕರು ಈಗ ಕೇಳುವುದು ಅದನ್ನೇ. ಕೋಡ್‌ನ ಜೊತೆ ಹುಟ್ಟಿದ ದಿನಾಂಕ ಹಾಕಿ ಅವರೇ ನೋಡಿಕೊಳ್ಳುತ್ತಾರೆ. ಸಿಮ್ ಬದಲಾಯಿಸಿದರೆ ಅಕೌಂಟಿನಲ್ಲೂ ನಂಬರ್ ಬದಲಾಯಿಸಿ. ಮೊಮ್ಮಕ್ಕಳಿದ್ದರೆ ಅವರಿಗೂ ಬೇರೆ ಬೇರೆ ಅಕೌಂಟ್ ಬೇಕು, ಕೈಗೂಸಾದರೂ ಸರಿ. ಹಳೇ ಕಾರ್ಡ್ ಬಿಸಾಡಬೇಡಿ, ಅದರ ನಂಬರ್ ಯಾವತ್ತಾದರೂ ಬೇಕಾಗಬಹುದು. ಹಳೇ ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ, ಸೀರೆಯೊಳಗೆ ಬೇಡ.

ಇನ್ನೊಂದು ಪ್ರಶ್ನೆ. ಇ-ವೀಸಾದ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿದರೆ ಸಾಲದಾ ಅಂತ ಸುಮಾರು ಜನ ಕೇಳುತ್ತೀರಿ. ಮಾಡಿಸಿ, ಬೇಡ ಅನ್ನುವುದಿಲ್ಲ. ಬೀರುವಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೌಂಟರಿನ ಹುಡುಗ ಮಾತ್ರ ಅದನ್ನು ಪಕ್ಕಕ್ಕಿಟ್ಟು ಪಾಸ್‌ಪೋರ್ಟ್ ಕೊಡಿ ಅನ್ನುತ್ತಾನೆ. ನಮಸ್ಕಾರ.