ಏಕಸ್ವಾಮ್ಯ ಎನ್ನುವಾಗ

ಕೇಳುಗರಿಗೆ ನಮಸ್ಕಾರ.

ಮಾನೊಪಲಿ ಎಂಬ ಮಾತಿಗೆ ಕನ್ನಡದಲ್ಲಿ ಏಕಸ್ವಾಮ್ಯ ಎಂಬ ಪದ ನೆಲೆಯೂರಿದೆ. ಪಠ್ಯಪುಸ್ತಕಗಳಲ್ಲೂ ಪತ್ರಿಕೆಗಳಲ್ಲೂ ಅದೇ ಬಳಕೆ. ಆದರೆ ಇದನ್ನು ಬರೆಯುವಾಗ ಕೈ ತಪ್ಪುತ್ತದೆ, ಅರ್ಥಮಾಡಿಕೊಳ್ಳುವಾಗ ಮನಸ್ಸೂ ತಪ್ಪುತ್ತದೆ.

ಮೊದಲು ಕೈತಪ್ಪನ್ನು ನೋಡೋಣ. ಹಲವರು 'ಏಕಸಾಮ್ಯ' ಎಂದು ಬರೆಯುತ್ತಾರೆ. ಸಾಮ್ಯ ಎಂದರೆ ಹೋಲಿಕೆ, ಸಮಾನತೆ. ಅಣ್ಣ ತಮ್ಮಂದಿರ ಮುಖದಲ್ಲಿ ಸಾಮ್ಯ ಇರುತ್ತದೆ. ಇಲ್ಲಿ ಬೇಕಾದದ್ದು ಸ್ವಾಮ್ಯ. ಸಕಾರಕ್ಕೆ ವಕಾರದ ಒತ್ತು ಇರಬೇಕು. ಸ್ವಾಮಿ ಎಂಬುದರಿಂದ ಬಂದ ಪದ ಇದು, ಅರ್ಥ ಒಡೆತನ. ಹಕ್ಕುಸ್ವಾಮ್ಯ ಎಂಬ ಪದಕ್ಕೂ ಇದೇ ಗತಿ ಬಂದಿದೆ, ಎಷ್ಟೋ ಕಡೆ 'ಹಕ್ಕುಸಾಮ್ಯ' ಎಂದೇ ಅಚ್ಚಾಗುತ್ತದೆ. ಇನ್ನು ಕೆಲವರು 'ಏಕಸ್ವಾಮ್ಯತೆ' ಎನ್ನುತ್ತಾರೆ. ಸ್ವಾಮ್ಯ ಆಗಲೇ ಭಾವನಾಮ. ಅದಕ್ಕೆ ಮತ್ತೊಂದು 'ತೆ' ಹಚ್ಚುವುದು ಕೊಡೆಯ ಮೇಲೆ ಕೊಡೆ ಹಿಡಿದ ಹಾಗೆ.

ಅರ್ಥದ ತೊಡಕು ಇದಕ್ಕಿಂತ ದೊಡ್ಡದು. ಮಾನೊಪಲಿಯ ಮೂಲ ಗ್ರೀಕ್. ಮೋನೋಸ್ ಎಂದರೆ ಒಬ್ಬನೇ, ಪೋಲೆಯಿನ್ ಎಂದರೆ ಮಾರುವುದು. ಅಂದರೆ ಆ ಪದದ ಒಳಗೆ ಇರುವುದು ಮಾರಾಟ. ನಮ್ಮ ಏಕಸ್ವಾಮ್ಯದ ಒಳಗೆ ಇರುವುದು ಒಡೆತನ. ಹಾಗಾಗಿ ಒಬ್ಬನೇ ಮಾಲೀಕನಿರುವ ಅಂಗಡಿಯನ್ನೂ, ಸರ್ಕಾರಿ ಸ್ವಾಮ್ಯದ ಬ್ಯಾಂಕನ್ನೂ ಕೆಲವರು ಏಕಸ್ವಾಮ್ಯ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ಆ ಅಂಗಡಿಯ ಪಕ್ಕದಲ್ಲಿ ಇನ್ನು ಹತ್ತು ಅಂಗಡಿಗಳಿವೆ, ಆ ಬ್ಯಾಂಕಿನ ಎದುರಿಗೆ ಖಾಸಗಿ ಬ್ಯಾಂಕ್ ಇದೆ. ಮತ್ತೊಂದೆಡೆ, ಲಕ್ಷಾಂತರ ಷೇರುದಾರರ ಕಂಪನಿಯೂ ಏಕಸ್ವಾಮ್ಯ ಹೊಂದಿರಬಹುದು. ಹಾಗಾದರೆ ಕೇಳಬೇಕಾದ ಪ್ರಶ್ನೆ, ಒಡೆಯರು ಎಷ್ಟು ಮಂದಿ ಎಂಬುದಲ್ಲ. ಇವರ ಬೆಲೆ ಒಪ್ಪಿಗೆಯಾಗದಿದ್ದರೆ ಕೊಳ್ಳುವವರು ಬೇರೆ ಎಲ್ಲಿಗೆ ಹೋಗಬಹುದು ಎಂಬುದು.

ಹೋಗಲು ಜಾಗವಿಲ್ಲದಿದ್ದರೆ ಮಾರುವವನು ಬಾಯಿಗೆ ಬಂದ ಬೆಲೆ ಹೇಳುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಅದೂ ಪೂರ್ತಿ ಸರಿಯಲ್ಲ. ಕಾಗದ ಪೆನ್ಸಿಲ್ ಕೈಗೆ ಸಿಗುವಂತಿದ್ದರೆ ಈ ಲೆಕ್ಕ ಬರೆದುಕೊಳ್ಳಿ. ಅಂಕಿಗಳು ಊಹೆಯವು. ಬೆಟ್ಟದ ಮೇಲೆ ಜಾತ್ರೆ, ಎಳನೀರು ಮಾರುವವನು ಒಬ್ಬನೇ. ಒಂದು ಎಳನೀರು ಮೇಲೆ ತಲುಪುವಷ್ಟರಲ್ಲಿ ಅವನಿಗೆ ಬೀಳುವ ಖರ್ಚು 20 ರೂಪಾಯಿ. 100 ರೂಪಾಯಿ ಹೇಳಿದರೆ 40 ಜನ ಕೊಳ್ಳುತ್ತಾರೆ. 80 ಹೇಳಿದರೆ 60 ಜನ, 60 ಹೇಳಿದರೆ 80 ಜನ, 40 ಹೇಳಿದರೆ 100 ಜನ. ಈಗ ಲಾಭ ನೋಡಿ. 100 ರೂಪಾಯಿಗೆ ಮಾರಿದರೆ 3,200. 80ಕ್ಕೆ ಮಾರಿದರೆ 3,600. 60ಕ್ಕೆ ಮತ್ತೆ 3,200. 40ಕ್ಕೆ ಬರೀ 2,000.

ಅವನು ನಿಲ್ಲುವುದು 80 ರೂಪಾಯಿಯಲ್ಲಿ. ಅದಕ್ಕಿಂತ ಮೇಲೆ ಹೋದರೆ ಜನ ಬಾಯಾರಿಕೊಂಡೇ ಬೆಟ್ಟ ಇಳಿಯುತ್ತಾರೆ. ಬೆಲೆ ಇವನ ಕೈಯಲ್ಲಿದೆ, ಆ ಬೆಲೆಗೆ ಎಷ್ಟು ಜನ ಬರುತ್ತಾರೆ ಎಂಬುದು ಇವನ ಕೈಯಲ್ಲಿಲ್ಲ. ಕೆಳಗೆ ಏಕೆ ಇಳಿಸುವುದಿಲ್ಲ? 60ಕ್ಕೆ ಇಳಿಸಿದರೆ ಹೊಸದಾಗಿ ಬರುವ 20 ಜನರಿಂದ ತಲಾ 40 ರೂಪಾಯಿಯಂತೆ 800 ಸಿಗುತ್ತದೆ. ಆದರೆ 80 ಕೊಡಲು ಸಿದ್ಧರಿದ್ದ ಆ ಹಳೆಯ 60 ಜನಕ್ಕೂ ತಲಾ 20 ಬಿಟ್ಟುಕೊಡಬೇಕು, ಅಲ್ಲಿ 1,200 ಹೋಯಿತು. ಒಟ್ಟಿನಲ್ಲಿ 400 ನಷ್ಟ. ಬೆಟ್ಟದ ಮೇಲೆ ಇನ್ನೂ ನಾಲ್ಕು ಅಂಗಡಿ ಇದ್ದಿದ್ದರೆ ಈ ಲೆಕ್ಕ ಹಾಕಿಕೊಂಡು ಕೂರಲು ಅವನಿಗೆ ಆಗುತ್ತಿರಲಿಲ್ಲ.

ಹೆಚ್ಚು ಬೆಲೆ ತೆತ್ತವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಹೆಚ್ಚು ನೋವೆನಿಸುವುದು ಕೊಳ್ಳದೆ ಹೋದವರ ವಿಷಯ. 40 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಕೊಡಲು ಸಿದ್ಧರಿದ್ದ 40 ಜನ ಬರಿಗೈಲಿ ಹೋದರು. ಖರ್ಚಿನ ದುಪ್ಪಟ್ಟು ಕೊಡುವವರಿದ್ದರೂ ಎಳನೀರು ಅವರಿಗೆ ಸಿಗಲಿಲ್ಲ. ಈ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲೂ ಕಾಣಿಸುವುದಿಲ್ಲ.

ಒಡೆತನ ಬೇರೆ, ಮಾರಾಟದ ಹಕ್ಕು ಬೇರೆ ಎಂಬುದಕ್ಕೆ ನಮ್ಮ ಶ್ರೀಗಂಧಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಆಳುವವರು ಬದಲಾದರೂ ನಿಯಮದ ತಿರುಳು ಬದಲಾಗಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಕಾಯುವ ಹೊಣೆ ರೈತನದು, ಕಳುವಾದರೆ ವಿಚಾರಣೆಯೂ ಅವನಿಗೇ. ಹೀಗಿರುವಾಗ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮ ಎಂದು ರೈತರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂದು ಮರ ಭೂಮಿಯ ಒಡೆಯನದೇ ಆಯಿತು. ಸ್ವಾಮ್ಯವೇನೋ ಬಂತು. ಆದರೆ ಅದರ ನಂತರವೂ ಮರವನ್ನು ಬೇಕಾದವರಿಗೆ ಮಾರುವಂತಿರಲಿಲ್ಲ, ಅರಣ್ಯ ಇಲಾಖೆ ಅಥವಾ ಗೊತ್ತುಪಡಿಸಿದ ಸರ್ಕಾರಿ ಸಂಸ್ಥೆಗಳ ಬಾಗಿಲಿಗೇ ಹೋಗಬೇಕಿತ್ತು.

ಇಲ್ಲಿ ಇನ್ನೊಂದು ಪರಿಕಲ್ಪನೆ ಬಂತು ನೋಡಿ: ಮಾರುವವರು ಅನೇಕರು, ಕೊಳ್ಳುವವನು ಒಬ್ಬನೇ. ಇಂಗ್ಲಿಷಿನಲ್ಲಿ ಇದಕ್ಕೆ ಮೊನಾಪ್ಸನಿ ಎಂಬ ಪದ 1933ರಲ್ಲಿ ಚಲಾವಣೆಗೆ ಬಂತು, ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರ ಮೂಲಕ. ಕನ್ನಡದಲ್ಲಿ 'ಖರೀದಿಯ ಏಕಸ್ವಾಮ್ಯ' ಎಂದರೆ ಸ್ಪಷ್ಟವಾಗುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನು ಒಟ್ಟುಗೂಡಿಸುವ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಈ ಪೂಲ್ ಬೆಳೆಗಾರರಿಗೆ ಆಸರೆಯಾಗಿತ್ತು, ಅದನ್ನು ಮರೆಯಬಾರದು. ಮುಂದೆ ಅದೇ ಬಿಗಿಯಾಯಿತು. ಹಣ ತಡವಾಗುತ್ತಿತ್ತು, ಒಳ್ಳೆಯ ಕಾಫಿಗೆ ಬೇರೆ ಗಿರಾಕಿ ಹುಡುಕಿಕೊಳ್ಳುವ ದಾರಿ ಇರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಬಿಡುಗಡೆ ಮಾಡಲಾಯಿತು.

ಎಲ್ಲ ಏಕಸ್ವಾಮ್ಯವೂ ಮುರಿಯತಕ್ಕದ್ದೇ? ವಿದ್ಯುತ್ ತಂತಿಯ ವಿಷಯದಲ್ಲಿ ಹಾಗೆನ್ನಲಾಗದು. ಒಂದೇ ಬೀದಿಯಲ್ಲಿ ಮೂರು ಕಂಪನಿಗಳು ಮೂರು ಸಾಲು ಕಂಬ ನೆಟ್ಟರೆ ಖರ್ಚು ಮೂರು ಪಟ್ಟು, ಅದು ಬೀಳುವುದು ಬಳಕೆದಾರರ ಬಿಲ್ಲಿನ ಮೇಲೆ. ಇಂಥದಕ್ಕೆ ಸ್ವಾಭಾವಿಕ ಏಕಸ್ವಾಮ್ಯ ಎನ್ನುತ್ತಾರೆ. ಇಲ್ಲಿ ಒಬ್ಬರನ್ನೇ ಇಟ್ಟುಕೊಂಡು ದರ ಗೊತ್ತುಮಾಡುವ ಕೆಲಸವನ್ನು ಬೇರೆಯವರಿಗೆ ಕೊಡುವುದು ರೂಢಿ. ನಮ್ಮ ರಾಜ್ಯದಲ್ಲಿ ಆ ಕೆಲಸ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು.

ಕಾನೂನಿನ ಭಾಷೆಯೂ ಬದಲಾಗಿದೆ. 1969ರ ಕಾಯಿದೆಯ ಹೆಸರಿನಲ್ಲೇ ಏಕಸ್ವಾಮ್ಯ ಇತ್ತು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯಿದೆಯಲ್ಲಿ ಮುಖ್ಯ ಪದ ಪ್ರಾಬಲ್ಯ. ದೊಡ್ಡದಾಗಿ ಬೆಳೆಯುವುದು ಅಪರಾಧವಲ್ಲ. 4ನೇ ಕಲಮು ತಡೆಯುವುದು ಪ್ರಬಲ ಸ್ಥಾನದ ದುರ್ಬಳಕೆಯನ್ನು. ಎದುರಾಳಿಯನ್ನು ಮುಗಿಸಲೆಂದೇ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರುವುದು ಅಂಥದ್ದರಲ್ಲಿ ಒಂದು. ಸ್ಪರ್ಧಾ ಆಯೋಗ ಮೊದಲು ಮಾರುಕಟ್ಟೆಯ ಗಡಿ ಗುರುತಿಸುತ್ತದೆ: ಯಾವ ಸರಕು, ಯಾವ ಪ್ರದೇಶ. ಗಡಿ ಹಿಗ್ಗಿಸಿದರೆ ದೈತ್ಯನೂ ಸಣ್ಣವನಾಗಿ ಕಾಣುತ್ತಾನೆ, ಕುಗ್ಗಿಸಿದರೆ ಬೀದಿಯ ಕೊನೆಯ ಬೀಡಾ ಅಂಗಡಿಯೂ ಏಕಸ್ವಾಮ್ಯವಾಗುತ್ತದೆ. ವಕೀಲರ ವಾದದ ಬಹುಪಾಲು ನಡೆಯುವುದು ಈ ಗಡಿಯ ಮೇಲೆ.

ಹಾಗಾಗಿ ಬರೆಯುವವರು ಬರೀ 'ಆ ಕಂಪನಿಯ ಏಕಸ್ವಾಮ್ಯ' ಎಂದು ನಿಲ್ಲಿಸಬಾರದು. ಯಾವುದರ ಮಾರಾಟದಲ್ಲಿ, ಎಲ್ಲಿ ಎಂಬುದೂ ವಾಕ್ಯದಲ್ಲಿ ಬರಲಿ. ನಾಲ್ಕು ಕಂಪನಿಗಳು ಕೂಡಿ ಬೆಲೆ ಏರಿಸಿದ್ದರೆ ಅದು ಏಕಸ್ವಾಮ್ಯವಲ್ಲ, ಕೂಟ. ರಾಜಕೀಯದ ಮಾತಾದರೆ ಏಕಾಧಿಪತ್ಯ ಎನ್ನಬೇಕು. ಮನೆಮಾತಿನಲ್ಲಂತೂ ಗುತ್ತಿಗೆ ಎಂಬ ಪದ ಈ ಕೆಲಸವನ್ನು ಎಷ್ಟೋ ಕಾಲದಿಂದ ಮಾಡುತ್ತಿದೆ. "ದೇಶಭಕ್ತಿಯನ್ನು ನೀವೊಬ್ಬರೇ ಗುತ್ತಿಗೆ ಹಿಡಿದಿದ್ದೀರಾ?" ಎಂದು ಕೇಳಿದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಏಕಸ್ವಾಮ್ಯ ಎಂದು ಹಾಕಿದರೆ ಮಾತು ಸಪ್ಪೆಯಾಗುತ್ತದೆ.

ನಮಸ್ಕಾರ.